ಟೊಮೆಟೊ ಮುಟ್ಟದ ಮಗನಿಗೆ ಅನಾನಸ್ ಜ್ಯೂಸ್ ಕೊಟ್ಟರೆ ಲೆಕ್ಕ ಸರಿಹೋಗುತ್ತಾ?

ಮಲ್ನಾಡ್_ಮಗಳು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ವಾದ ನಡೀತಿದೆ, ಗೊತ್ತಿರುವವರು ದಯವಿಟ್ಟು ಹೇಳಿ. ನನ್ನ ಮಗನಿಗೆ ಐದು ವರ್ಷ. ಟೊಮೆಟೊ ಕಂಡರೆ ಆಗಲ್ಲ. ಸಾರಿನಲ್ಲಿ ಒಂದು ಚೂರು ಸಿಪ್ಪೆ ಸಿಕ್ಕರೂ ತೆಗೆದು ತಟ್ಟೆಯ ಅಂಚಿಗೆ ಅಂಟಿಸುತ್ತಾನೆ. ಆದರೆ ಅನಾನಸ್ ಜ್ಯೂಸ್ ಅಂದರೆ ಪ್ರಾಣ.

ನಮ್ಮತ್ತೆ ಹೇಳೋದು, "ಎರಡೂ ಹುಳಿ ಹಣ್ಣೇ ಅಲ್ವಾ? ಎರಡರಲ್ಲೂ ಸಿ ವಿಟಮಿನ್ ಇದೆ. ಇದನ್ನೇ ಕುಡೀಲಿ ಬಿಡು." ನಮ್ಮ ಯಜಮಾನರು ಲೀಟರ್ ಪ್ಯಾಕೆಟ್ ತಂದು ಫ್ರಿಜ್‌ನಲ್ಲಿ ಇಟ್ಟಿದ್ದಾರೆ. ನನಗೆ ಯಾಕೋ ಸಮಾಧಾನ ಇಲ್ಲ. ನೆಟ್‌ನಲ್ಲಿ ಹುಡುಕಿದರೆ ಒಂದು ಕಡೆ ಜ್ಯೂಸ್‌ನಲ್ಲೇ ಸಿ ಜಾಸ್ತಿ ಅಂತಾರೆ, ಇನ್ನೊಂದು ಕಡೆ ಟೊಮೆಟೊದಲ್ಲೇ ಜಾಸ್ತಿ ಅಂತಾರೆ. ಯಾವುದನ್ನು ನಂಬಲಿ?

ಹುಬ್ಬಳ್ಳಿ_ಹುಡುಗ

ಅಕ್ಕಾರೆ, ಮಕ್ಕಳು ಏನಾದರೂ ಹಣ್ಣಿಂದು ಹೊಟ್ಟೆಗೆ ಹಾಕಿಕೊಂಡರೆ ಸಾಕು. ಚಿಪ್ಸ್ ತಿನ್ನೋದಕ್ಕಿಂತ ಜ್ಯೂಸ್ ಎಷ್ಟೋ ವಾಸಿ. ಇಷ್ಟೊಂದು ಲೆಕ್ಕ ಯಾಕೆ ಹಾಕಬೇಕು?

ಡಯಟ್_ಅಕ್ಕ_ಮೈಸೂರು

ಲೆಕ್ಕ ಹಾಕಲೇಬೇಕು, ಯಾಕಂದ್ರೆ ಇಲ್ಲಿ ವ್ಯತ್ಯಾಸ ಸಣ್ಣದಲ್ಲ. ನಾನು ಡಯಟಿಷಿಯನ್. ದಿನಾ ಇಂಥದ್ದೇ ಪ್ರಶ್ನೆ ಬರುತ್ತೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ. ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯ ಅಂಕಿಗಳನ್ನು ತೊಗೊಂಡಿದ್ದೀನಿ. ತಳಿ, ಹವೆ, ಮಾಗಿದ ಪ್ರಮಾಣ ನೋಡಿಕೊಂಡು ನಮ್ಮಲ್ಲಿ ಸ್ವಲ್ಪ ಆಚೆ ಈಚೆ ಆಗುತ್ತೆ.

100 ಗ್ರಾಂ ಕೆಂಪಗೆ ಹಣ್ಣಾದ ಹಸಿ ಟೊಮೆಟೊದಲ್ಲಿ ಸುಮಾರು 94 ಗ್ರಾಂ ನೀರೇ. ಶಕ್ತಿ ಬರೀ 18 ಕ್ಯಾಲರಿ. ಸಕ್ಕರೆ 2.6 ಗ್ರಾಂ, ನಾರು 1.2 ಗ್ರಾಂ, ಸಿ ವಿಟಮಿನ್ 14 ಮಿಲಿಗ್ರಾಂ, ಪೊಟ್ಯಾಸಿಯಂ 237 ಮಿಲಿಗ್ರಾಂ.

ಸಕ್ಕರೆ ಬೆರೆಸದ ಡಬ್ಬಿ ಅನಾನಸ್ ಜ್ಯೂಸ್ ಅಷ್ಟೇ ತೂಕ ತೊಗೊಂಡರೆ 53 ಕ್ಯಾಲರಿ, ಸಕ್ಕರೆ 10 ಗ್ರಾಂ, ನಾರು 0.2 ಗ್ರಾಂ, ಸಿ ವಿಟಮಿನ್ 10 ಮಿಲಿಗ್ರಾಂ, ಪೊಟ್ಯಾಸಿಯಂ 130 ಮಿಲಿಗ್ರಾಂ.

ಬರೀ ಇಷ್ಟು ನೋಡಿದರೆ "ಅಂಥಾ ವ್ಯತ್ಯಾಸ ಏನಿಲ್ಲ" ಅನ್ನಿಸಬಹುದು. ಆದರೆ ಜ್ಯೂಸನ್ನು ಯಾರೂ 100 ಗ್ರಾಂ ಕುಡಿಯಲ್ಲ. ಒಂದು ಲೋಟ ಅಂದರೆ 250 ಮಿಲಿ. ಅಲ್ಲಿಗೆ 130 ಕ್ಯಾಲರಿ ದಾಟಿತು, ಸಕ್ಕರೆ 25 ಗ್ರಾಂ ಆಯ್ತು. ಇಷ್ಟೇ ಸಕ್ಕರೆ ಟೊಮೆಟೊದಿಂದ ಬರಬೇಕಾದರೆ ಹೆಚ್ಚೂಕಡಿಮೆ ಒಂದು ಕೆಜಿ ಟೊಮೆಟೊ ತಿನ್ನಬೇಕು! ಒಂದು ಕೆಜಿ ತಿನ್ನೋಕೆ ಯಾರಿಂದಲೂ ಆಗಲ್ಲ. ಲೋಟ ಜ್ಯೂಸ್ ಎರಡು ನಿಮಿಷದಲ್ಲಿ ಖಾಲಿ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆ ಬಗ್ಗೆ ಸೂಚನೆ ಕೊಟ್ಟಾಗ ಹಣ್ಣಿನ ರಸದ ಸಕ್ಕರೆಯನ್ನು ಮೇಲಿಂದ ಹಾಕಿದ ಸಕ್ಕರೆಯ ಜೊತೆಗೇ ಸೇರಿಸಿತು. ಇಡೀ ಹಣ್ಣಿನ ಒಳಗಿರುವ ಸಕ್ಕರೆಯನ್ನು ಸೇರಿಸಲಿಲ್ಲ. ದಿನಕ್ಕೆ 2000 ಕ್ಯಾಲರಿ ತಿನ್ನುವ ದೊಡ್ಡವರಿಗೆ ಅದು ಹೇಳುವ ಮಿತಿ 50 ಗ್ರಾಂ. ಅರ್ಧಕ್ಕೆ, ಅಂದರೆ 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೇದು ಅನ್ನುತ್ತೆ. ನಿಮ್ಮ ಮಗ ಐದು ವರ್ಷದವನು. ದೊಡ್ಡವರ ಆ ಕಡಿಮೆ ಮಿತಿ ಅವನಿಗೆ ಒಂದೇ ಲೋಟದಲ್ಲಿ ಮುಗಿದುಹೋಗುತ್ತೆ.

ಟೆಕ್ಕಿ_ತುಮಕೂರು

ಮೇಡಂ, ನಮ್ಮನೆ ಪ್ಯಾಕೆಟ್ ಈಗಲೇ ಕೈಯಲ್ಲಿದೆ. 100 ಮಿಲಿಗೆ ಸಿ ವಿಟಮಿನ್ 40 ಮಿಲಿಗ್ರಾಂ ಅಂತ ಬರೆದಿದೆ. ನೀವು 10 ಅಂತೀರಾ. ಟೊಮೆಟೊಗಿಂತ ಮೂರು ಪಟ್ಟು ಹತ್ತಿರ ಆಯ್ತಲ್ಲ?

ಡಯಟ್_ಅಕ್ಕ_ಮೈಸೂರು

ಒಳ್ಳೆ ಪ್ರಶ್ನೆ. ಅದೇ ಪ್ಯಾಕೆಟ್‌ನಲ್ಲಿ ಪದಾರ್ಥಗಳ ಪಟ್ಟಿ ನೋಡಿ. ಕೊನೆ ಕಡೆ ಆಸ್ಕಾರ್ಬಿಕ್ ಆಸಿಡ್ ಅಂತಲೋ ಐಎನ್‌ಎಸ್ 300 ಅಂತಲೋ ಇರುತ್ತೆ. ಅದು ಕಾರ್ಖಾನೆಯಲ್ಲಿ ಸೇರಿಸಿದ ಸಿ ವಿಟಮಿನ್. ಜ್ಯೂಸ್ ಬಣ್ಣ ಕೆಡಬಾರದು ಅಂತಲೂ ಹಾಕ್ತಾರೆ. ಆ ಅಮೆರಿಕದ ಪಟ್ಟಿಯಲ್ಲೇ ಸಿ ಸೇರಿಸಿದ ಅನಾನಸ್ ಜ್ಯೂಸ್ ಬೇರೆ ಸಾಲಿನಲ್ಲಿದೆ, ಅದಕ್ಕೆ ಸುಮಾರು 44 ಮಿಲಿಗ್ರಾಂ. ಮಲ್ನಾಡ್_ಮಗಳು ಅವರಿಗೆ ನೆಟ್‌ನಲ್ಲಿ ಎರಡು ಥರ ಉತ್ತರ ಸಿಕ್ಕಿದ್ದು ಇದಕ್ಕೇ. ಒಬ್ಬರು ಒಂದು ಸಾಲು ನೋಡಿ ಬರೆದಿದ್ದಾರೆ, ಇನ್ನೊಬ್ಬರು ಇನ್ನೊಂದು ಸಾಲು.

ಸೇರಿಸಿದ ಸಿ ಮೈಗೆ ಹತ್ತಲ್ಲ ಅಂತ ನಾನು ಹೇಳ್ತಿಲ್ಲ, ಅದೂ ಸಿ ವಿಟಮಿನ್ನೇ. ಆದರೆ ಅದು ಅನಾನಸ್ ಕೊಟ್ಟಿದ್ದಲ್ಲ. ಅಷ್ಟು ಸಿ ಬೇಕು ಅಂದರೆ ಒಂದು ಸೀಬೆಹಣ್ಣು ಕೊಡಿ. 100 ಗ್ರಾಂಗೆ 200 ಮಿಲಿಗ್ರಾಂಗಿಂತ ಜಾಸ್ತಿ ಇದೆ. ದೊಡ್ಡ ಗಂಡಸಿಗೆ ದಿನಕ್ಕೆ ಬೇಕಿರೋದೇ 80 ಮಿಲಿಗ್ರಾಂ, ಹೆಂಗಸಿಗೆ 65. ಇದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ.

ಬನವಾಸಿ_ಬೆಳೆಗಾರ

ಅನಾನಸ್ ಪರ ಮಾತಾಡೋಕೆ ಒಬ್ಬರಾದರೂ ಇರಲಿ ಅಂತ ಬಂದೆ. ನಮ್ಮ ಕಡೆ ಶಿರಸಿ, ಬನವಾಸಿ, ಆಚೆ ಸೊರಬ, ಸಾಗರದವರೆಗೂ ಅನಾನಸ್ ತೋಟ ಇದೆ. ಮೇಡಂ ಹೇಳಿದ್ದು ಡಬ್ಬಿ ಜ್ಯೂಸ್ ಲೆಕ್ಕ. ಹಣ್ಣಿನ ಲೆಕ್ಕವನ್ನೂ ಹೇಳಿಬಿಡಿ, ದಯವಿಟ್ಟು. ಹಸಿ ಅನಾನಸ್‌ನಲ್ಲಿ 100 ಗ್ರಾಂಗೆ ಸಿ ವಿಟಮಿನ್ 48 ಮಿಲಿಗ್ರಾಂ ಹತ್ತಿರ ಇದೆ. ಟೊಮೆಟೊದ ಮೂರು ಪಟ್ಟಿಗೂ ಜಾಸ್ತಿ. ನಾರು 1.4 ಗ್ರಾಂ, ಅದರಲ್ಲೂ ಟೊಮೆಟೊಗಿಂತ ಒಂದು ಕೈ ಮೇಲೆ. ಅದೇ ಹಣ್ಣು ಕಾರ್ಖಾನೆಗೆ ಹೋಗಿ ಡಬ್ಬಿಯಲ್ಲಿ ಬಂದರೆ ಸಿ 10ಕ್ಕೆ ಇಳಿಯುತ್ತೆ. ಕಾಯಿಸಿದ್ದು, ಗಾಳಿಗೆ ಒಡ್ಡಿದ್ದು, ತಿಂಗಳುಗಟ್ಟಲೆ ಇಟ್ಟಿದ್ದು, ಎಲ್ಲ ಸೇರಿ ತಿಂದುಹಾಕುತ್ತೆ. ಹಣ್ಣು ಸೋತಿಲ್ಲ, ಜ್ಯೂಸ್ ಸೋತಿದೆ.

ಕಾರ್ಖಾನೆಗೆ ಹೋಗೋದು ಜಾಸ್ತಿ ಕ್ಯೂ ತಳಿ. ದೊಡ್ಡ ಗಾತ್ರ, ರಸ ಜಾಸ್ತಿ, ಕಣ್ಣು ಮೇಲೇ ಇರುತ್ತೆ. ಕ್ವೀನ್ ಹಣ್ಣು ಚಿಕ್ಕದು, ಕಣ್ಣು ಆಳ, ಆದರೆ ಪರಿಮಳ ಬೇರೆಯೇ. ತಿನ್ನೋಕೆ ಅದೇ ಸರಿ.

ಇನ್ನೊಂದು ವಿಷಯ. ಹಸಿ ಅನಾನಸ್ ತಿಂದರೆ ನಾಲಿಗೆ ಚುರುಚುರು ಅನ್ನುತ್ತಲ್ಲ, ಅದಕ್ಕೆ ಹುಳಿಯ ಜೊತೆಗೆ ಬ್ರೋಮಲೈನ್ ಅನ್ನೋ ಕಿಣ್ವವೂ ಕಾರಣ. ಪ್ರೋಟೀನ್ ಒಡೆಯುವ ಕಿಣ್ವ ಅದು. ಹಸಿ ಹಣ್ಣು ಹೆಚ್ಚಿ ಮೊಸರಿಗೆ ಹಾಕಿ ಒಂದು ಗಂಟೆ ಬಿಟ್ಟು ನೋಡಿ, ಕಹಿ ಬಂದಿರುತ್ತೆ. ಪೈನಾಪಲ್ ರಾಯ್ತ ಮಾಡುವವರು ಹೋಳನ್ನು ಮೊದಲು ಬೇಯಿಸಿಕೊಳ್ಳೋದು ಇದಕ್ಕೇ. ಬಿಸಿ ತಾಗಿದರೆ ಬ್ರೋಮಲೈನ್ ಸತ್ತುಹೋಗುತ್ತೆ. "ಅನಾನಸ್ ಜ್ಯೂಸ್ ಕುಡಿದರೆ ಜೀರ್ಣ ಚೆನ್ನಾಗಿ ಆಗುತ್ತೆ, ಬ್ರೋಮಲೈನ್ ಇದೆ" ಅಂತ ಪ್ಯಾಕೆಟ್ ಜ್ಯೂಸ್ ಮುಂದಿಟ್ಟುಕೊಂಡು ಹೇಳುವವರ ಮಾತು ನಂಬಬೇಡಿ. ಪ್ಯಾಕೆಟ್ ಜ್ಯೂಸ್ ಕಾಯಿಸಿದ್ದೇ ಆಗಿರುತ್ತೆ.

ಹುಬ್ಬಳ್ಳಿ_ಹುಡುಗ

ಹಂಗಾದರೆ ಅಂಗಡಿಯಲ್ಲಿ ಕಣ್ಣೆದುರಿಗೇ ಮಾಡಿಕೊಡೋ ಜ್ಯೂಸ್? ಅದನ್ನ ಕಾಯಿಸಲ್ಲವಲ್ಲ?

ಬನವಾಸಿ_ಬೆಳೆಗಾರ

ಸಿ ವಿಟಮಿನ್ ಮಟ್ಟಿಗೆ ಅದು ಡಬ್ಬಿಗಿಂತ ಎಷ್ಟೋ ಮೇಲು. ಆದರೆ ಅವರು ಮಾಡೋದನ್ನು ಒಂದು ಸಲ ನಿಂತು ನೋಡಿ. ನಾಲ್ಕು ಹೋಳು ಹಣ್ಣು, ಒಂದು ಸೌಟು ಸಕ್ಕರೆ ಪಾಕ, ಉಳಿದಿದ್ದು ಐಸು, ನೀರು. ಆಮೇಲೆ ಜರಡಿಯಲ್ಲಿ ಸೋಸಿ ನಾರೆಲ್ಲ ಬುಟ್ಟಿಗೆ. ಸಕ್ಕರೆ ಬೇಡ, ಸೋಸಬೇಡಿ ಅಂತ ಹೇಳಿ ಮಾಡಿಸಿಕೊಳ್ಳಿ. ಇಲ್ಲಾಂದ್ರೆ ಹೆಚ್ಚಿದ ಹಣ್ಣಿಗೆ ಉಪ್ಪು, ಖಾರದ ಪುಡಿ ಉದುರಿಸಿಕೊಂಡು ತಿನ್ನಿ.

ಕೋಲಾರದ_ತೋಟ

ಟೊಮೆಟೊ ಕಡೆಯಿಂದ ನಾನೂ ಎರಡು ಮಾತು ಹೇಳ್ತೀನಿ. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ವ್ಯಾಪಾರ. 2023ರ ಜುಲೈನಲ್ಲಿ ಒಂದು ಬಾಕ್ಸ್ 2000 ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿರಬಹುದು. ಆಗ ಎಷ್ಟೋ ಮನೆಯವರು ಟೊಮೆಟೊ ಬಿಟ್ಟು ಹುಣಸೆಹಣ್ಣಿಗೆ ಹೋದರು.

ಪೇಟೆಯವರು ತಿನ್ನೋ ಟೊಮೆಟೊ ಗಿಡದಲ್ಲೇ ಪೂರ್ತಿ ಕೆಂಪಾಗಿದ್ದಲ್ಲ. ದೂರದ ಮಂಡಿಗೆ ಹೋಗಬೇಕು ಅಂದರೆ ದೋರಗಾಯಿ ಇದ್ದಾಗಲೇ ಕೀಳ್ತೀವಿ. ಇಲ್ಲಾಂದ್ರೆ ಲಾರಿಯಲ್ಲೇ ಜಜ್ಜಿ ರಸ ಆಗುತ್ತೆ. ದಾರಿಯಲ್ಲಿ ಬಣ್ಣ ಬರುತ್ತೆ, ಆದರೆ ಗಿಡದಲ್ಲಿ ಹಣ್ಣಾದ ರುಚಿ ಬರಲ್ಲ. ಆ ಕೆಂಪು ಬಣ್ಣಕ್ಕೆ ಕಾರಣ ಲೈಕೋಪಿನ್. ಬಿಸಿಲು 30-32 ಡಿಗ್ರಿ ದಾಟಿದರೆ ಲೈಕೋಪಿನ್ ಸರಿಯಾಗಿ ಕಟ್ಟಲ್ಲ. ಏಪ್ರಿಲ್ ತಿಂಗಳಲ್ಲಿ ತೊಟ್ಟಿನ ಸುತ್ತ ಹಳದಿ ಉಳಿದ ಹಣ್ಣು ನೋಡಿರ್ತೀರಲ್ಲ, ಅದು ರೋಗ ಅಲ್ಲ, ಬಿಸಿಲು. ಕೊಳ್ಳುವಾಗ ತೊಟ್ಟಿನವರೆಗೂ ಕೆಂಪಾಗಿರೋದನ್ನು ಆರಿಸಿ. ಮನೆಗೆ ತಂದ ಮೇಲೆ ಗಟ್ಟಿ ಹಣ್ಣನ್ನು ಫ್ರಿಜ್‌ಗೆ ಹಾಕಬೇಡಿ, ಪರಿಮಳ ಹೋಗುತ್ತೆ. ಬುಟ್ಟಿಯಲ್ಲಿ ತೊಟ್ಟು ಕೆಳಗೆ ಮಾಡಿ ಇಡಿ.

ಈ ಲೈಕೋಪಿನ್ ಅನಾನಸ್ ಜ್ಯೂಸ್‌ನಲ್ಲಿ ಇಲ್ಲ ಅಂತ ಕೇಳಿದ್ದೀನಿ. ಮೇಡಂ ಹೇಳಬೇಕು.

ಡಯಟ್_ಅಕ್ಕ_ಮೈಸೂರು

ನಿಜ, ಇಲ್ಲ ಅಂತಲೇ ಹೇಳಬಹುದು. 100 ಗ್ರಾಂ ಟೊಮೆಟೊದಲ್ಲಿ ಸುಮಾರು 2.5 ಮಿಲಿಗ್ರಾಂ ಲೈಕೋಪಿನ್ ಇದೆ. ಜೊತೆಗೆ ಬೀಟಾ ಕ್ಯಾರೋಟಿನ್, ಅದರಿಂದ ಸ್ವಲ್ಪ ಎ ವಿಟಮಿನ್. ಅನಾನಸ್ ಜ್ಯೂಸ್‌ನಲ್ಲಿ ಎ ವಿಟಮಿನ್ ಸೊನ್ನೆಗೆ ಹತ್ತಿರ. ಜ್ಯೂಸ್ ಗೆಲ್ಲೋದು ಮ್ಯಾಂಗನೀಸ್ ವಿಷಯದಲ್ಲಿ. ಒಂದು ಲೋಟದಲ್ಲಿ 1.2 ಮಿಲಿಗ್ರಾಂ ಇದೆ, ದೊಡ್ಡವರಿಗೆ ದಿನಕ್ಕೆ ಬೇಕಾದದ್ದರಲ್ಲಿ ಅರ್ಧಕ್ಕೂ ಜಾಸ್ತಿ. ಆದರೆ ರಾಗಿ ತಿಂದು ಟೀ ಕುಡಿಯುವ ನಮ್ಮ ಮನೆಗಳಲ್ಲಿ ಮ್ಯಾಂಗನೀಸ್‌ಗೆ ಕೊರತೆ ಇಲ್ಲ.

ಲೈಕೋಪಿನ್‌ದು ಒಂದು ಗುಣ ಇದೆ. ಅದು ಎಣ್ಣೆಯಲ್ಲಿ ಕರಗುತ್ತೆ, ಬೇಯಿಸಿದರೆ ಮೈಗೆ ಇನ್ನೂ ಚೆನ್ನಾಗಿ ಸೇರುತ್ತೆ. ಸಿ ವಿಟಮಿನ್ ಇದಕ್ಕೆ ಪೂರ್ತಿ ಉಲ್ಟಾ, ಕುದಿಸಿದಷ್ಟೂ ಕಮ್ಮಿಯಾಗುತ್ತೆ. ಹಾಗಾಗಿ ಒಗ್ಗರಣೆಯಲ್ಲಿ ಬಾಡಿಸಿದ ಟೊಮೆಟೊ ಗೊಜ್ಜೂ ಬೇಕು, ಹಸಿ ಟೊಮೆಟೊ ಹೆಚ್ಚಿ ಹಾಕಿದ ಕೋಸಂಬರಿಯೂ ಬೇಕು. ಲೈಕೋಪಿನ್ ಕ್ಯಾನ್ಸರ್ ತಡೆಯುತ್ತೆ ಅಂತ ವಾಟ್ಸಾಪ್‌ನಲ್ಲಿ ಓಡಾಡೋ ಮಾತು ಇನ್ನೂ ಸಾಬೀತಾಗಿಲ್ಲ. ಅದನ್ನು ನಂಬಿ ಮಾತ್ರೆ ನುಂಗೋಕೆ ಹೋಗಬೇಡಿ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು ಕಬ್ಬಿಣದ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಸೊಪ್ಪು, ಕಾಳು, ರಾಗಿಯ ಕಬ್ಬಿಣ ಮೈಗೆ ಸುಲಭವಾಗಿ ಸೇರಲ್ಲ. ಅದೇ ಊಟದಲ್ಲಿ ಸಿ ವಿಟಮಿನ್ ಇದ್ದರೆ ಜಾಸ್ತಿ ಸೇರುತ್ತೆ. ಟೊಮೆಟೊ ಊಟದ ತಟ್ಟೆಯಲ್ಲೇ ಇರುತ್ತೆ, ಸೊಪ್ಪಿನ ಸಾರಲ್ಲಿ, ಪಲ್ಯದಲ್ಲಿ. ಜ್ಯೂಸನ್ನು ನಾವು ಊಟದ ಜೊತೆ ಕುಡಿಯಲ್ಲ, ಸಂಜೆ ಬಿಸ್ಕತ್ ಜೊತೆ ಕುಡೀತೀವಿ. ಒಂದೇ ಸಿ ವಿಟಮಿನ್, ಆದರೆ ಊಟಕ್ಕೆ ಆಗೋ ಉಪಕಾರ ಬೇರೆ. ಊಟವಾದ ತಕ್ಷಣ ಟೀ ಕುಡಿಯುವವರು ಅದನ್ನು ಒಂದು ಗಂಟೆ ಮುಂದೆ ಹಾಕಿ, ಕಬ್ಬಿಣಕ್ಕೆ ಅದು ಅಡ್ಡಿ.

ಶಿರಾ_ಸೀಮೆ

ಇಲ್ಲಿ ಎಲ್ಲರೂ ಟೊಮೆಟೊ ಒಳ್ಳೇದು ಅಂತಿದ್ದೀರಿ. ನಮ್ಮಪ್ಪನಿಗೆ ಕಿಡ್ನಿ ತೊಂದರೆ, ವಾರಕ್ಕೆ ಎರಡು ಸಲ ಡಯಾಲಿಸಿಸ್. ಡಾಕ್ಟರು ಟೊಮೆಟೊ, ಎಳನೀರು, ಬಾಳೆಹಣ್ಣು ಎಲ್ಲ ನಿಲ್ಲಿಸಿ ಅಂದಿದ್ದಾರೆ. ಅನಾನಸ್ ಸ್ವಲ್ಪ ತಿನ್ನಬಹುದು ಅಂದರು. ನಮಗೆ ಈ ಲೆಕ್ಕ ಉಲ್ಟಾ. ಇಂಥದ್ದನ್ನೂ ಯಾರಾದರೂ ಬರೀಬೇಕು. ಪಕ್ಕದ ಮನೆಯವರು ಪ್ರೀತಿಯಿಂದ ಟೊಮೆಟೊ ಸೂಪ್ ಮಾಡಿ ತಂದುಕೊಡ್ತಾರೆ, ಬೇಡ ಅನ್ನೋದು ಎಷ್ಟು ಕಷ್ಟ ಗೊತ್ತಾ.

ಡಯಟ್_ಅಕ್ಕ_ಮೈಸೂರು

ಇದನ್ನು ಬರೆದಿದ್ದು ತುಂಬಾ ಒಳ್ಳೇದಾಯ್ತು. ಕಿಡ್ನಿ ಕೆಲಸ ಕಮ್ಮಿಯಾದವರಿಗೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತೆ. ಅದು ಏರಿದರೆ ಹೃದಯದ ಬಡಿತಕ್ಕೇ ಅಪಾಯ. ಎರಡೂವರೆ ನೂರು ಗ್ರಾಂ ಟೊಮೆಟೊದಲ್ಲಿ ಸುಮಾರು 590 ಮಿಲಿಗ್ರಾಂ ಪೊಟ್ಯಾಸಿಯಂ, ಅಷ್ಟೇ ಅನಾನಸ್ ಜ್ಯೂಸ್‌ನಲ್ಲಿ 325. ಬಿಪಿ ಇದ್ದು ಕಿಡ್ನಿ ಚೆನ್ನಾಗಿರುವವರಿಗೆ ಆ ಪೊಟ್ಯಾಸಿಯಂ ವರ. ನಿಮ್ಮಪ್ಪನಿಗೆ ಅದೇ ತೊಂದರೆ. ಸೂಪ್, ಪ್ಯೂರಿ, ಕೆಚಪ್‌ನಲ್ಲಿ ಟೊಮೆಟೊ ಗಟ್ಟಿಯಾಗಿರೋದರಿಂದ ಇನ್ನೂ ಜಾಸ್ತಿ ಹುಷಾರಾಗಿರಬೇಕು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿದರೆ ಪೊಟ್ಯಾಸಿಯಂ ಸ್ವಲ್ಪ ಇಳಿಯುತ್ತೆ.

ಜ್ಯೂಸ್ ಬದಲು ಅನಾನಸ್ ಹೋಳೇ ಕೊಡಿ. ಡಯಾಲಿಸಿಸ್‌ನವರಿಗೆ ದಿನದ ನೀರಿಗೂ ಮಿತಿ ಇರುತ್ತೆ, ಜ್ಯೂಸ್ ಆ ಲೆಕ್ಕಕ್ಕೆ ಬರುತ್ತೆ. ಎಷ್ಟು ಹೋಳು ಅನ್ನೋದನ್ನು ಅವರ ರಕ್ತದ ರಿಪೋರ್ಟ್ ನೋಡಿ ಡಾಕ್ಟರೇ ಹೇಳಬೇಕು.

ಇನ್ಸುಲಿನ್_ಜೊತೆಗಾರ

ಜ್ಯೂಸ್‌ಗೆ ಇನ್ನೊಂದು ಕೆಲಸ ಇದೆ. ನಾನು ಇನ್ಸುಲಿನ್ ತೊಗೊಳ್ಳೋನು. ಶುಗರ್ 70ಕ್ಕಿಂತ ಕೆಳಗೆ ಇಳಿದು ಕೈ ನಡುಗಿ, ಬೆವರೋಕೆ ಶುರುವಾದಾಗ ಟೊಮೆಟೊ ತಿಂದರೆ ಏನೂ ಉಪಯೋಗ ಇಲ್ಲ. ಅರ್ಧ ಲೋಟ, ಅಂದರೆ 120 ಮಿಲಿ ಜ್ಯೂಸ್ ಕುಡಿದರೆ 15 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್ ಬೇಗ ರಕ್ತಕ್ಕೆ ಹೋಗುತ್ತೆ. 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಬೇಕು, ಏರಿಲ್ಲ ಅಂದರೆ ಇನ್ನೊಮ್ಮೆ. ಹಾಗಾಗಿ ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಪುಟ್ಟ ಜ್ಯೂಸ್ ಪ್ಯಾಕೆಟ್ ಇದ್ದೇ ಇರುತ್ತೆ. ಬೇರೆ ಹೊತ್ತಿನಲ್ಲಿ ಮುಟ್ಟಲ್ಲ.

ಟೀಚರ್_ದಾವಣಗೆರೆ

ನಾನು ಒಂದನೇ ಕ್ಲಾಸಿಗೆ ಪಾಠ ಮಾಡ್ತೀನಿ. ಮಕ್ಕಳ ನೀರಿನ ಬಾಟಲಿಯಲ್ಲಿ ಜ್ಯೂಸ್ ತುಂಬಿಸಿ ಕಳಿಸಬೇಡಿ, ಕೈ ಮುಗಿದು ಕೇಳ್ತೀನಿ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಗುಟುಕು ಗುಟುಕಾಗಿ ಹೀರ್ತಾ ಇರ್ತಾರೆ. ಹುಳಿ, ಸಕ್ಕರೆ ಎರಡೂ ಹಲ್ಲಿಗೆ ಅಂಟಿಕೊಂಡೇ ಇರುತ್ತೆ. ಆರು ವರ್ಷಕ್ಕೇ ಮುಂದಿನ ಹಲ್ಲು ಕಪ್ಪಾದ ಮಕ್ಕಳನ್ನು ನೋಡಿದರೆ ಸಂಕಟ ಆಗುತ್ತೆ. ಊಟಕ್ಕೆ ಬೆಲ್ ಆದಾಗ ಹಸಿವೇ ಇರಲ್ಲ, ಡಬ್ಬಿ ಹಾಗೇ ವಾಪಸ್ ಹೋಗುತ್ತೆ.

ಮಲ್ನಾಡ್_ಮಗಳು

ಎಲ್ಲರಿಗೂ ತುಂಬಾ ಧನ್ಯವಾದ. ಡಯಟ್ ಅಕ್ಕ, ಹಾಗಾದರೆ ಜ್ಯೂಸ್ ಪೂರ್ತಿ ನಿಲ್ಲಿಸಬೇಕಾ? ಅವನು ರಂಪ ಮಾಡ್ತಾನೆ. ಮತ್ತೆ ಫ್ರಿಜ್‌ನಲ್ಲಿರೋ ಪ್ಯಾಕೆಟ್ ಮೇಲೆ "ಫ್ರೂಟ್ ಡ್ರಿಂಕ್" ಅಂತ ಇದೆ. ಅದೂ ಜ್ಯೂಸೂ ಒಂದೇನಾ?

ಡಯಟ್_ಅಕ್ಕ_ಮೈಸೂರು

ಒಂದೇ ಅಲ್ಲ. ನಮ್ಮ ದೇಶದ ನಿಯಮದಲ್ಲಿ ಫ್ರೂಟ್ ಡ್ರಿಂಕ್ ಅನ್ನಿಸಿಕೊಳ್ಳೋಕೆ ಹಣ್ಣಿನ ರಸ ನೂರಕ್ಕೆ 10 ಭಾಗ ಇದ್ದರೆ ಸಾಕು. ಉಳಿದಿದ್ದು ನೀರು, ಸಕ್ಕರೆ, ಹುಳಿ, ಪರಿಮಳ. ಇಲ್ಲಿವರೆಗೆ ನಾನು ಕೊಟ್ಟ ಜ್ಯೂಸ್ ಲೆಕ್ಕ ಅದಕ್ಕೆ ಹೊಂದೋದೇ ಇಲ್ಲ. ಟೊಮೆಟೊ ಜೊತೆ ಹೋಲಿಸೋ ಮಾತೂ ಬೇಡ. ಆಹಾರ ಸುರಕ್ಷತಾ ಪ್ರಾಧಿಕಾರ, ಎಫ್‌ಎಸ್‌ಎಸ್‌ಎಐ, 2024ರ ಜೂನ್‌ನಲ್ಲಿ ಇನ್ನೊಂದು ಆದೇಶ ಕೊಟ್ಟಿತು. ಸಾಂದ್ರ ರಸಕ್ಕೆ ನೀರು ಬೆರೆಸಿ ಮಾಡಿದ ಜ್ಯೂಸ್ ಮೇಲೆ "ನೂರಕ್ಕೆ ನೂರು ಹಣ್ಣಿನ ರಸ" ಅಂತ ಹಾಕಬಾರದು ಅಂತ. ಒಂದು ಕೆಜಿಗೆ 15 ಗ್ರಾಂಗಿಂತ ಜಾಸ್ತಿ ಸಿಹಿ ಸೇರಿಸಿದ್ದರೆ "ಸಿಹಿ ಸೇರಿಸಿದ ಜ್ಯೂಸ್" ಅಂತ ಬರೆಯಲೇಬೇಕು. ಮುಂದಿನ ದೊಡ್ಡ ಹಣ್ಣಿನ ಚಿತ್ರ ಬಿಡಿ, ಪ್ಯಾಕೆಟ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಒಟ್ಟು ಸಕ್ಕರೆ ಎಷ್ಟು, ಸೇರಿಸಿದ ಸಕ್ಕರೆ ಎಷ್ಟು ಅಂತ ಬೇರೆ ಬೇರೆ ಇರುತ್ತೆ.

ರಂಪದ ವಿಷಯಕ್ಕೆ ಬಂದರೆ, ಒಮ್ಮೆಲೇ ನಿಲ್ಲಿಸಬೇಡಿ. ಅಮೆರಿಕದ ಮಕ್ಕಳ ವೈದ್ಯರ ಸಂಘ 2017ರಲ್ಲಿ ಹೇಳಿದ ಮಿತಿ ಹೀಗಿದೆ. ಒಂದು ವರ್ಷದೊಳಗಿನ ಮಗುವಿಗೆ ಜ್ಯೂಸ್ ಬೇಡವೇ ಬೇಡ. ನಾಲ್ಕರಿಂದ ಆರು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 120ರಿಂದ 180 ಮಿಲಿ, ಅದೂ ಸಕ್ಕರೆ ಸೇರಿಸದ ಜ್ಯೂಸ್. ಚಿಕ್ಕ ಲೋಟದಲ್ಲಿ, ಊಟದ ಜೊತೆ ಕೊಡಿ. ನಿಧಾನಕ್ಕೆ ದಿನ ಬಿಟ್ಟು ದಿನ ಮಾಡಿ, ಆ ಜಾಗಕ್ಕೆ ಹೆಚ್ಚಿದ ಅನಾನಸ್ ತನ್ನಿ. ಅವನಿಗೆ ಆ ರುಚಿ ಈಗಾಗಲೇ ಇಷ್ಟ ಇದೆ, ಅರ್ಧ ಕೆಲಸ ಆದಂಗೆ.

ಟೊಮೆಟೊಗೆ ಸಿಪ್ಪೆಯೇ ತೊಂದರೆ ಅನ್ನಿಸುತ್ತೆ. ಕುದಿಯೋ ನೀರಿಗೆ ಒಂದು ನಿಮಿಷ ಹಾಕಿ ತೆಗೆದರೆ ಸಿಪ್ಪೆ ಸುಲಿದು ಬರುತ್ತೆ. ಆಮೇಲೆ ರುಬ್ಬಿ ಸಾರಿಗೆ ಹಾಕಿ, ದೋಸೆ ಹಿಟ್ಟಿಗೆ ಕಲಸಿ. ಅವನಿಗೆ ಕಾಣದೇ ಇದ್ದರೆ ತಿಂತಾನೆ.

ಕಡಲ_ತಡಿ

ನಮ್ಮ ಉಡುಪಿ ಕಡೆಯ ಅನಾನಸ್ ಮೆಣಸ್ಕಾಯಿ ಮಾಡಿ ನೋಡಿ ಅಕ್ಕ. ಎಳ್ಳು ಹುರಿದು, ತೆಂಗಿನಕಾಯಿ ಜೊತೆ ರುಬ್ಬಿ ಹಾಕೋದು. ಖಾರ ಕಮ್ಮಿ ಮಾಡಿದರೆ ಮಕ್ಕಳು ಅನ್ನಕ್ಕೆ ಕಲಸಿಕೊಂಡು ಚೆನ್ನಾಗಿ ತಿಂತಾರೆ. ಬೆಲ್ಲ ಬೀಳುತ್ತೆ, ಆದರೆ ಒಬ್ಬರ ಪಾಲಿಗೆ ಬರೋದು ಸ್ವಲ್ಪ.

ಮಲ್ನಾಡ್_ಮಗಳು

ಖಂಡಿತಾ ಮಾಡ್ತೀನಿ. ಬನವಾಸಿ ಅಣ್ಣ, ಒಳ್ಳೆ ಹಣ್ಣು ಆರಿಸೋದು ಹೇಗೆ? ಹೋದ ಸಲ ತಂದಿದ್ದು ಹುಳಿ ಇತ್ತು. ನಾಲ್ಕು ದಿನ ಇಟ್ಟರೂ ಸಿಹಿ ಆಗಲಿಲ್ಲ.

ಬನವಾಸಿ_ಬೆಳೆಗಾರ

ಆಗಲ್ಲ ತಂಗಿ. ಅನಾನಸ್ ಕೊಯ್ದ ಮೇಲೆ ಸಿಹಿ ಏರೋ ಹಣ್ಣಲ್ಲ. ಬಣ್ಣ ತಿರುಗುತ್ತೆ, ಮೆತ್ತಗಾಗುತ್ತೆ, ಅಷ್ಟೇ. ಗಿಡದಲ್ಲಿದ್ದಾಗ ಎಷ್ಟು ಸಿಹಿ ತುಂಬಿತ್ತೋ ಅಷ್ಟೇ ಕೊನೆವರೆಗೂ. ಹಾಗಾಗಿ ಕೊಳ್ಳುವಾಗಲೇ ನೋಡಬೇಕು. ಜುಟ್ಟಿನ ಕಡೆ ನೋಡಬೇಡಿ, ಹಣ್ಣು ತಲೆಕೆಳಗು ಮಾಡಿ ಬುಡ ಮೂಸಿ ನೋಡಿ. ಸಿಹಿ ಪರಿಮಳ ಬರಬೇಕು, ಹುಳಿ ಹೆಂಡದ ವಾಸನೆ ಬರಬಾರದು. ಬುಡದ ಕಣ್ಣುಗಳು ಹಳದಿ ತಿರುಗಿರಬೇಕು. ಕೈಯಲ್ಲಿ ಎತ್ತಿದರೆ ಗಾತ್ರಕ್ಕೆ ತಕ್ಕ ತೂಕ ಇರಬೇಕು. ಹೆಚ್ಚುವಾಗ ಬುಡದ ಕಡೆಯ ಹೋಳನ್ನು ಮಗನಿಗೆ ಕೊಡಿ, ಮೇಲಿನ ಅರ್ಧಕ್ಕಿಂತ ಅದೇ ಸಿಹಿ. ಹುಳಿ ಇರೋ ಮೇಲಿನ ಭಾಗ ಮೆಣಸ್ಕಾಯಿಗೆ ಹಾಕಿ.